ರಾಘವಾಂಕ

ರಾಘವಾಂಕ ಹನ್ನೆರಡನೆಯ ಶತಮಾನದ ಕೊನೆ ಹಾಗೂ ಹದಿಮೂರನೆಯ ಶತಮಾನದ ಆರಂಭದ ಅವಧಿಯಲ್ಲಿ ಹಂಪೆಯಲ್ಲಿದ್ದ ಕನ್ನಡದ ಮಹಾಕವಿ. ರಗಳೆಯ ಕವಿ ಹರಿಹರನ ಸೋದರಳಿಯ ಮತ್ತು ಶಿಷ್ಯ. ಷಟ್ಪದಿ ಛಂದಸ್ಸನ್ನು ಇಡೀ ಕಾವ್ಯದ ವಾಹನವಾಗಿ ಬಳಸಿ ಬೆಳೆಸಿದ ಕಾರಣ ಈತನನ್ನು ಷಟ್ಪದಿಯ ಬ್ರಹ್ಮನೆಂದು ಕರೆಯುತ್ತಾರೆ. ಪ್ರಾಚೀನ ಪುರಾಣಕಥೆಯೊಂದನ್ನು ಹೊಸದಾಗಿ ಹೇಳಿದ ಹರಿಶ್ಚಂದ್ರ ಕಾವ್ಯ ಈತನ ಮುಖ್ಯ ಕೃತಿ. ಸತ್ಯನಿಷ್ಠೆ, ದಾಂಪತ್ಯದ ಪ್ರೀತಿ ಮತ್ತು ಪುತ್ರಶೋಕಗಳನ್ನು ಒಂದೇ ಕಥೆಯಲ್ಲಿ ಎದುರುಬದುರಾಗಿ ನಿಲ್ಲಿಸಿದ ಈ ಕಾವ್ಯವು, ಪರಂಪರೆಯ ಪ್ರಕಾರ, ಕವಿಗೆ ತನ್ನ ಗುರುವಿನೊಂದಿಗೇ ವಿರಸವನ್ನು ತಂದಿತು.

ಕಾಲ ಮತ್ತು ಪ್ರದೇಶ

ರಾಘವಾಂಕನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೆಲವರು ಕ್ರಿ.ಶ. 1165ರ ಸುಮಾರು ಎಂದರೆ, ಇನ್ನು ಕೆಲವರು 1200ರಿಂದ 1225ರ ನಡುವಿನ ಅವಧಿಯನ್ನು ಸೂಚಿಸುತ್ತಾರೆ. ವಿಜಯನಗರ ಸಾಮ್ರಾಜ್ಯದ ಸ್ಥಾಪನೆಗೆ ಒಂದು ಶತಮಾನಕ್ಕೂ ಹಿಂದೆಯೇ ಹಂಪೆಯು ಪಂಪಾಕ್ಷೇತ್ರವೆಂಬ ಹೆಸರಿನ ಶೈವಕ್ಷೇತ್ರವಾಗಿತ್ತು. ಇಂದು ಹಂಪೆಯು ವಿಜಯನಗರ ಜಿಲ್ಲೆಗೆ ಸೇರಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಹಾಗೂ ಅರಸೀಕೆರೆಯನ್ನೊಳಗೊಂಡ ಹರಪನಹಳ್ಳಿ ತಾಲ್ಲೂಕುಗಳೂ ಇದೇ ಜಿಲ್ಲೆಯಲ್ಲಿವೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದಂತಹ ಚಾಲುಕ್ಯರ ಕಾಲದ ಶಿವಾಲಯಗಳು, ರಾಘವಾಂಕನಿಗೂ ಮುನ್ನವೇ ಈ ಸೀಮೆಯಲ್ಲಿ ಶಿವಭಕ್ತಿ ಬೇರೂರಿತ್ತು ಎಂಬುದಕ್ಕೆ ಸಾಕ್ಷಿ.

ಜೀವನ

ರಾಘವಾಂಕನ ಜೀವನದ ವಿವರಗಳು ಬಹುಪಾಲು ತಿಳಿದುಬರುವುದು ರಾಘವಾಂಕ ಚರಿತೆ, ಗುರುರಾಜ ಚಾರಿತ್ರ ಮೊದಲಾದ ನಂತರದ ವೀರಶೈವ ಕಾವ್ಯಗಳಿಂದ. ಇವು ಕವಿಯ ಕಾಲದಿಂದ ಹಲವು ಶತಮಾನಗಳ ಬಳಿಕ ರಚಿತವಾದವು. ಆದ್ದರಿಂದ ಅವುಗಳಲ್ಲಿ ಇತಿಹಾಸದ ಜೊತೆಗೆ ಐತಿಹ್ಯವೂ ಬೆರೆತಿದೆ.

ಇವುಗಳ ಪ್ರಕಾರ ರಾಘವಾಂಕನ ತಂದೆ ಮಹಾದೇವಭಟ್ಟ, ತಾಯಿ ರುದ್ರಾಣಿ. ರುದ್ರಾಣಿ ಹರಿಹರನ ಸಹೋದರಿ. ಹೊಯ್ಸಳರ ರಾಜಧಾನಿಯಲ್ಲಿ ಕರಣಿಕನಾಗಿದ್ದ ಹರಿಹರನು ಅರಮನೆಯ ಸೇವೆಯನ್ನು ತೊರೆದು ಹಂಪೆಗೆ ಬಂದು, ವಿರೂಪಾಕ್ಷನ ಸನ್ನಿಧಿಯಲ್ಲಿ ನೆಲೆಸಿ ಶಿವಶರಣರ ಚರಿತ್ರೆಗಳನ್ನು ರಗಳೆಗಳಲ್ಲಿ ಹಾಡಿದನು. ಗಿರಿಜಾಕಲ್ಯಾಣವೆಂಬ ಚಂಪೂಕಾವ್ಯವೂ ಆತನದೇ. ರಾಘವಾಂಕನ ವಿದ್ಯಾಭ್ಯಾಸ ನಡೆದದ್ದು ಈ ಸೋದರಮಾವನ ಬಳಿಯಲ್ಲಿ. ಮಾವನಾದ ಹರಿಹರನೇ ಆತನಿಗೆ ವಿದ್ಯಾಗುರುವೂ ದೀಕ್ಷಾಗುರುವೂ ಆದನು.

ಗುರುಶಿಷ್ಯರ ಭಿನ್ನಾಭಿಪ್ರಾಯ

ಕಾವ್ಯವು ಶಿವನಿಗೂ ಶಿವಶರಣರಿಗೂ ಮೀಸಲಾಗಿರಬೇಕು, ಹುಟ್ಟಿ ಸಾಯುವ ಮನುಷ್ಯರನ್ನು ಹೊಗಳಲು ಕವಿಯ ನಾಲಗೆ ಬಳಕೆಯಾಗಬಾರದು ಎಂಬುದು ಹರಿಹರನ ದೃಢ ನಂಬಿಕೆ. ರಾಜಾಶ್ರಯವನ್ನು ಬಿಟ್ಟುಬಂದವನಿಗೆ ಇದು ಬದುಕಿನ ವ್ರತವೂ ಆಗಿತ್ತು. ಶಿಷ್ಯನಾದ ರಾಘವಾಂಕನು ತನ್ನ ಕಾವ್ಯಕ್ಕೆ ಆರಿಸಿಕೊಂಡದ್ದು ಅಯೋಧ್ಯೆಯ ಸೂರ್ಯವಂಶದ ಅರಸನಾದ ಹರಿಶ್ಚಂದ್ರನ ಕಥೆಯನ್ನು.

ಐತಿಹ್ಯದ ಪ್ರಕಾರ, ಹಂಪೆಯ ಅರಸ ದೇವರಾಜನ ಆಸ್ಥಾನದಲ್ಲಿ ಈ ಕಾವ್ಯವು ವಿದ್ವಾಂಸರ ಮೆಚ್ಚುಗೆಯನ್ನು ಪಡೆಯಿತು. ಆದರೆ ಗುರುವಿನ ಒಪ್ಪಿಗೆ ದೊರೆಯಲಿಲ್ಲ. ನರಸ್ತುತಿ ಮಾಡಿದನೆಂದು ಕೋಪಗೊಂಡ ಹರಿಹರನು ಪಾದರಕ್ಷೆಯಿಂದ ಹೊಡೆದಾಗ ರಾಘವಾಂಕನ ಐದು ಹಲ್ಲುಗಳು ಉದುರಿದವು. ಮನುಷ್ಯನನ್ನು ಸ್ತುತಿಸಿದ ದೋಷವು ಶಿವಭಕ್ತರ ಚರಿತ್ರೆಗಳನ್ನು ರಚಿಸಿದರೆ ಪರಿಹಾರವಾಗುವುದೆಂದು ಗುರು ತಿಳಿಸಿದನು. ಅದರಂತೆ ಶಿಷ್ಯನು ಒಂದೊಂದು ಶೈವಕಾವ್ಯವನ್ನು ಮುಗಿಸಿದಂತೆ ಒಂದೊಂದು ಹಲ್ಲು ಮರಳಿ ಬಂದಿತು ಎಂಬುದು ಕಥೆ.

ಈ ಪ್ರಸಂಗವನ್ನು ಅಕ್ಷರಶಃ ಸ್ವೀಕರಿಸಬೇಕಾಗಿಲ್ಲ. ಆದರೆ ಅದು ಸೂಚಿಸುವ ಪ್ರಶ್ನೆ ನಿಜವಾದದ್ದು: ಭಕ್ತಿಕಾವ್ಯದಲ್ಲಿ ಮನುಷ್ಯನ ದುಃಖಕ್ಕೆ ಎಷ್ಟು ಸ್ಥಾನವಿದೆ? ರಾಘವಾಂಕನ ಉತ್ತರ ಕಾವ್ಯದೊಳಗೇ ಇದೆ. ಆತನು ಸತ್ಯವನ್ನೂ ಶಿವನನ್ನೂ ಬೇರೆಯೆಂದು ಬಗೆಯುವುದಿಲ್ಲ. ಆದ್ದರಿಂದ ಸತ್ಯಕ್ಕಾಗಿ ನೊಂದ ಮನುಷ್ಯನ ಕಥೆಯೂ ಆತನ ದೃಷ್ಟಿಯಲ್ಲಿ ಶಿವಕಥೆಯೇ ಆಗುತ್ತದೆ.

ಹರಿಶ್ಚಂದ್ರ ಕಾವ್ಯ

ಹರಿಶ್ಚಂದ್ರನ ಕಥೆ ಬಹಳ ಹಳೆಯದು. ಐತರೇಯ ಬ್ರಾಹ್ಮಣದಲ್ಲಿ ಆತನು ಪುತ್ರಸಂತಾನಕ್ಕಾಗಿ ವರುಣನಿಗೆ ಹರಕೆ ಹೊತ್ತು, ಹುಟ್ಟಿದ ಮಗನನ್ನು ಒಪ್ಪಿಸಲಾರದೆ ತೊಳಲಾಡುವ ಅರಸ. ಶುನಃಶೇಪನ ಕಥೆ ಬರುವುದು ಅಲ್ಲಿಯೇ. ಮಾರ್ಕಂಡೇಯ ಪುರಾಣದಲ್ಲಿ ಆತನು ವಿಶ್ವಾಮಿತ್ರನಿಗೆ ರಾಜ್ಯವನ್ನು ಕೊಟ್ಟು, ಹೆಂಡತಿ ಮಕ್ಕಳನ್ನು ಮಾರಿ, ಸ್ಮಶಾನದಲ್ಲಿ ಸೇವೆಗೆ ನಿಲ್ಲುತ್ತಾನೆ. ಕ್ಷೇಮೀಶ್ವರನ ಚಂಡಕೌಶಿಕವೆಂಬ ಸಂಸ್ಕೃತ ನಾಟಕಕ್ಕೂ ಇದೇ ವಸ್ತು. ರಾಘವಾಂಕನು ಈ ಕಥೆಗೆ ಕನ್ನಡದಲ್ಲಿ ತನ್ನದೇ ಆದ ರೂಪವನ್ನು ಕೊಟ್ಟನು.

ಕಾವ್ಯವು ಇಂದ್ರನ ಸಭೆಯಲ್ಲಿ ವಸಿಷ್ಠ ಮತ್ತು ವಿಶ್ವಾಮಿತ್ರರ ನಡುವೆ ನಡೆಯುವ ವಾಗ್ವಾದದಿಂದ ಬೆಳೆಯುತ್ತದೆ. ಹರಿಶ್ಚಂದ್ರನು ಎಂದಿಗೂ ಸುಳ್ಳಾಡುವವನಲ್ಲವೆಂದು ವಸಿಷ್ಠನು ಹೇಳಿದರೆ, ಅವನನ್ನು ಸತ್ಯದಿಂದ ಕದಲಿಸುವೆನೆಂದು ವಿಶ್ವಾಮಿತ್ರನು ಪಣ ತೊಡುತ್ತಾನೆ. ಬೇಟೆಗೆ ಬಂದ ಅರಸನ ಮುಂದೆ ಇಬ್ಬರು ಅಂತ್ಯಜ ಕನ್ಯೆಯರು ಹಾಡಿ ಕುಣಿಯುತ್ತಾರೆ. ಅವರು ಮೊದಲು ಅವನ ಬೆಳ್ಗೊಡೆಯನ್ನು ಕೇಳುತ್ತಾರೆ, ಬಳಿಕ ತಮ್ಮನ್ನು ವರಿಸುವಂತೆ ಬೇಡುತ್ತಾರೆ. ಅರಸನು ಅವರ ಕುಲವನ್ನು ಮುಂದೊಡ್ಡಿ ನಿರಾಕರಿಸುತ್ತಾನೆ. ತಮ್ಮ ಹಾಡನ್ನು ಕಿವಿಯೂ ರೂಪವನ್ನು ಕಣ್ಣೂ ಸವಿದಾಗ ಇಲ್ಲದ ಮೈಲಿಗೆ ಮುಟ್ಟಿದಾಗ ಮಾತ್ರ ಎಲ್ಲಿಂದ ಬರುತ್ತದೆ ಎಂಬ ಅರ್ಥದ ಪ್ರಶ್ನೆಯನ್ನು ಕನ್ಯೆಯರು ಮುಂದಿಡುತ್ತಾರೆ. ಅರಸನು ಅವರನ್ನು ಹೊಡೆದಟ್ಟುತ್ತಾನೆ. ಅವರನ್ನು ಮದುವೆಯಾಗು, ಇಲ್ಲವೇ ರಾಜ್ಯವನ್ನು ಬಿಡು ಎಂದು ವಿಶ್ವಾಮಿತ್ರನು ಒತ್ತಾಯಿಸಿದಾಗ ಹರಿಶ್ಚಂದ್ರನು ರಾಜ್ಯವನ್ನೇ ಬಿಡುತ್ತಾನೆ.

ಹಿಂದೆ ಯಾಗದಲ್ಲಿ ಕೊಡುವೆನೆಂದಿದ್ದ ಹೊನ್ನಿನ ಸಾಲವೊಂದು ಉಳಿದಿರುತ್ತದೆ. ಅದನ್ನು ವಸೂಲು ಮಾಡಲು ವಿಶ್ವಾಮಿತ್ರನ ಶಿಷ್ಯ ನಕ್ಷತ್ರಕನು ದಾರಿಯುದ್ದಕ್ಕೂ ಕಾಡುತ್ತಾನೆ. ಕಾಶಿಯಲ್ಲಿ ಹರಿಶ್ಚಂದ್ರನು ಮಡದಿ ಚಂದ್ರಮತಿಯನ್ನೂ ಮಗ ಲೋಹಿತಾಶ್ವನನ್ನೂ ಒಬ್ಬ ಬ್ರಾಹ್ಮಣನಿಗೆ ಮಾರಿ, ತಾನು ಸ್ಮಶಾನದ ಒಡೆಯನಾದ ವೀರಬಾಹುಕನ ಆಳಾಗುತ್ತಾನೆ. ಕುಲದ ಕಾರಣಕ್ಕೆ ಕನ್ಯೆಯರನ್ನು ಒಲ್ಲೆನೆಂದ ಅರಸನು ಚಂಡಾಲನ ಸೇವಕನಾಗುವ ಈ ತಿರುವು ಕಾವ್ಯದ ಅತ್ಯಂತ ಕಠೋರವಾದ ವ್ಯಂಗ್ಯ.

ಶೋಕ ಮತ್ತು ನಂಬಿಕೆ

ಕಾವ್ಯದ ಹೃದಯಭಾಗವು ಲೋಹಿತಾಶ್ವನ ಸಾವು. ಒಡೆಯನ ಕೆಲಸಕ್ಕಾಗಿ ಕಾಡಿಗೆ ಹೋದ ಬಾಲಕನು ಹಾವು ಕಚ್ಚಿ ಸಾಯುತ್ತಾನೆ. ಸುದ್ದಿ ತಿಳಿದರೂ ತೊತ್ತಾಗಿರುವ ತಾಯಿಗೆ ಒಡನೆ ಓಡುವ ಸ್ವಾತಂತ್ರ್ಯವಿಲ್ಲ. ಕತ್ತಲಲ್ಲಿ ಮಗನನ್ನು ಹುಡುಕುತ್ತಾ ಕೂಗಿ ಅಲೆಯುವ ಚಂದ್ರಮತಿಯ ಪ್ರಲಾಪವು ಕನ್ನಡದ ಕರುಣರಸದ ಶ್ರೇಷ್ಠ ಭಾಗಗಳಲ್ಲಿ ಒಂದೆಂದು ಪ್ರಸಿದ್ಧವಾಗಿದೆ. ಶವವನ್ನು ಹೊತ್ತು ಸ್ಮಶಾನಕ್ಕೆ ಬಂದಾಗ ಸುಂಕವನ್ನು ಕೇಳುವವನು ಅವಳ ಪತಿಯೇ. ಗುರುತು ಸಿಕ್ಕ ಮೇಲೆಯೂ ಹರಿಶ್ಚಂದ್ರನು ಒಡೆಯನಿಗೆ ಸಲ್ಲಬೇಕಾದ ಸುಂಕವನ್ನು ಬಿಡುವುದಿಲ್ಲ. ಮುಂದೆ ಕಾಶಿಯ ರಾಜಕುಮಾರನ ಕೊಲೆಯ ಸುಳ್ಳು ಆರೋಪವು ಚಂದ್ರಮತಿಯ ಮೇಲೆ ಬರುತ್ತದೆ. ಅವಳ ತಲೆಯನ್ನು ಕಡಿಯುವ ಕೆಲಸವೂ ಹರಿಶ್ಚಂದ್ರನ ಪಾಲಿಗೇ ಬೀಳುತ್ತದೆ. ಆತನು ಕತ್ತಿಯನ್ನು ಎತ್ತಿದಾಗ ಅವಳು ಶಪಿಸದೆ ಹರಸುತ್ತಾಳೆ. ಆಗ ಶಿವನು ಪ್ರತ್ಯಕ್ಷನಾಗುತ್ತಾನೆ, ಮಗನು ಬದುಕುತ್ತಾನೆ, ವಿಶ್ವಾಮಿತ್ರನು ಸೋಲನ್ನು ಒಪ್ಪಿಕೊಂಡು ತನ್ನ ತಪಃಫಲವನ್ನು ಅರಸನಿಗೆ ಧಾರೆಯೆರೆಯುತ್ತಾನೆ.

ಇಲ್ಲಿ ನಂಬಿಕೆಯು ದುಃಖವನ್ನು ಅಳಿಸುವ ಮದ್ದಲ್ಲ. ದೇವರು ಬರುವುದಕ್ಕೆ ಮುನ್ನ ತಾಯಿಯ ಅಳಲನ್ನು ಕವಿ ಪೂರ್ಣವಾಗಿ ಕೇಳಿಸುತ್ತಾನೆ. ಹರಿಶ್ಚಂದ್ರನ ಸತ್ಯದ ಬೆಲೆಯನ್ನು ಹೆಚ್ಚಾಗಿ ತೆರುವವರು ಚಂದ್ರಮತಿ ಮತ್ತು ಲೋಹಿತಾಶ್ವ ಎಂಬುದನ್ನು ಕಾವ್ಯ ಮರೆಮಾಚುವುದಿಲ್ಲ. ಓದುಗರು ಇಂದಿಗೂ ಈ ಕಥೆಯನ್ನು ಚರ್ಚಿಸಲು ಇದೊಂದು ಮುಖ್ಯ ಕಾರಣ.

ಇತರ ಕೃತಿಗಳು

ಸೋಮನಾಥ ಚರಿತೆಯು ಸೌರಾಷ್ಟ್ರದ ಸೋಮನಾಥನನ್ನು ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ತಂದ ಆದಯ್ಯನ ಕಥೆ. ಜೈನ ಕನ್ಯೆ ಪದ್ಮಾವತಿಯೊಡನೆ ಆತನ ಪ್ರೇಮವೂ ಇದರಲ್ಲಿ ಬರುತ್ತದೆ. ಸಿದ್ಧರಾಮ ಚಾರಿತ್ರವು ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮನ ಜೀವನವನ್ನು ಹೇಳುತ್ತದೆ. ವೀರೇಶ ಚರಿತೆಯು ದಕ್ಷಯಜ್ಞವನ್ನು ಧ್ವಂಸಮಾಡಿದ ವೀರಭದ್ರನ ಕಥೆ. ಶರಭ ಚಾರಿತ್ರ ಮತ್ತು ಹರಿಹರ ಮಹತ್ವ ಎಂಬ ಕೃತಿಗಳು ದೊರೆತಿಲ್ಲ.

ಷಟ್ಪದಿಗೆ ಕೊಡುಗೆ

ಆರು ಸಾಲುಗಳ ಷಟ್ಪದಿಯು ರಾಘವಾಂಕನಿಗೂ ಮೊದಲೇ ತಿಳಿದಿದ್ದ ಬಂಧ. ಆದರೆ ದೀರ್ಘವಾದ ಕಥನಕ್ಕೆ ಅದನ್ನು ಒಗ್ಗಿಸಿದವನು ಈತ. ಹರಿಶ್ಚಂದ್ರ ಕಾವ್ಯವು ವಾರ್ಧಕ ಷಟ್ಪದಿಯಲ್ಲಿದೆ. ಇದರ ಒಂದು, ಎರಡು, ನಾಲ್ಕು ಮತ್ತು ಐದನೆಯ ಸಾಲುಗಳಲ್ಲಿ ಐದು ಮಾತ್ರೆಗಳ ನಾಲ್ಕು ಗಣಗಳಿರುತ್ತವೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಅಂತಹ ಆರು ಗಣಗಳ ಮೇಲೆ ಒಂದು ಗುರು ಬರುತ್ತದೆ. ಸಂಭಾಷಣೆಗೂ ವಾಗ್ವಾದಕ್ಕೂ ಪ್ರಲಾಪಕ್ಕೂ ಈ ಬಂಧವು ಸಮನಾಗಿ ಹೊಂದಿಕೊಂಡಿತು. ಮುಂದೆ ಕುಮಾರವ್ಯಾಸ ಮತ್ತು ಚಾಮರಸರು ಭಾಮಿನಿಯಲ್ಲಿ, ಲಕ್ಷ್ಮೀಶನು ವಾರ್ಧಕದಲ್ಲಿ ಕಾವ್ಯ ರಚಿಸಿದರು.

ಕೊನೆಯ ದಿನಗಳು

ಪರಂಪರೆಯ ಪ್ರಕಾರ ರಾಘವಾಂಕನು ಕಾಕತೀಯರ ರಾಜಧಾನಿಯಾದ ಓರುಗಲ್ಲಿಗೆ ಹೋಗಿ ಅಲ್ಲಿನ ಆಸ್ಥಾನಕವಿಗಳನ್ನು ವಾದದಲ್ಲಿ ಗೆದ್ದನು. ಉಭಯಕವಿ ಕಮಲರವಿ, ಕವಿಶರಭ ಭೇರುಂಡ ಎಂಬ ಬಿರುದುಗಳು ಈತನಿಗಿದ್ದವು. ಕೊನೆಯ ದಿನಗಳನ್ನು ಬೇಲೂರಿನಲ್ಲಿ ಕಳೆದು ಅಲ್ಲಿಯೇ ಐಕ್ಯನಾದನೆಂದು ಹೇಳಲಾಗುತ್ತದೆ.

ಪ್ರಭಾವ

ಹರಿಶ್ಚಂದ್ರನ ಕಥೆ ಯಕ್ಷಗಾನ, ಬಯಲಾಟ ಮತ್ತು ವೃತ್ತಿರಂಗಭೂಮಿಗಳಲ್ಲಿ ಜನಪ್ರಿಯವಾಯಿತು. ದಾದಾಸಾಹೇಬ್ ಫಾಲ್ಕೆ ಅವರ 1913ರ ಮೂಕಿಚಿತ್ರಕ್ಕೂ, ರಾಜ್‌ಕುಮಾರ್ ನಟಿಸಿದ 1965ರ ಸತ್ಯ ಹರಿಶ್ಚಂದ್ರ ಕನ್ನಡ ಚಲನಚಿತ್ರಕ್ಕೂ ಇದೇ ವಸ್ತು. ಬಾಲ್ಯದಲ್ಲಿ ನೋಡಿದ ಹರಿಶ್ಚಂದ್ರ ನಾಟಕವು ತಮ್ಮ ಮನಸ್ಸನ್ನು ಆಳವಾಗಿ ತಟ್ಟಿದ್ದನ್ನು ಮಹಾತ್ಮ ಗಾಂಧಿಯವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಟಿ. ಎಸ್. ವೆಂಕಣ್ಣಯ್ಯ ಮತ್ತು ಎ. ಆರ್. ಕೃಷ್ಣಶಾಸ್ತ್ರಿಗಳು ಸಿದ್ಧಪಡಿಸಿದ ಹರಿಶ್ಚಂದ್ರ ಕಾವ್ಯ ಸಂಗ್ರಹವು ವಿದ್ಯಾರ್ಥಿಗಳಿಗೆ ಈ ಕೃತಿಯನ್ನು ಹತ್ತಿರ ತಂದಿತು. ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದವು 2017ರಲ್ಲಿ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಆಫ್ ಇಂಡಿಯಾ ಮಾಲೆಯಲ್ಲಿ ಪ್ರಕಟವಾಗಿದೆ. ಗುರುವಿಗೆ ಒಪ್ಪಿಗೆಯಾಗಲಿಲ್ಲವೆಂದು ಐತಿಹ್ಯ ಹೇಳುವ ಕಾವ್ಯವೇ ರಾಘವಾಂಕನ ಹೆಸರನ್ನು ಇಂದಿನವರೆಗೆ ಉಳಿಸಿದೆ.