ಬಂದರುಗಳು ಬಾಗಿಲು ಮುಚ್ಚಿದಾಗ: ಕಪ್ತಾನ ಗುಸ್ತಾವ್ ಶ್ರೋಡರ್

ಜನಾಂಗ ಮತ್ತು ಧರ್ಮದ ಕಾರಣಕ್ಕೆ ಸ್ವದೇಶದಲ್ಲಿ ಬಾಳಲಾಗದೆ ಹೊರಟ ಒಂಬೈನೂರಕ್ಕೂ ಅಧಿಕ ಜನರಿಗೆ ಒಂದಾದ ಮೇಲೊಂದು ದೇಶ ಆಶ್ರಯ ನಿರಾಕರಿಸಿದಾಗ, ಆ ನಿರಾಕರಣೆಯನ್ನೇ ಅಂತಿಮವೆಂದು ಒಪ್ಪದೆ ನಿಂತ ನಾವಿಕ ಗುಸ್ತಾವ್ ಶ್ರೋಡರ್.

1885ರ ಸೆಪ್ಟೆಂಬರ್ 27ರಂದು, ಆಗ ಜರ್ಮನಿಗೆ ಸೇರಿದ್ದು ಇಂದು ಡೆನ್ಮಾರ್ಕಿನಲ್ಲಿರುವ ಹಾಡರ್ಸ್‌ಲೆಬೆನ್ ಪಟ್ಟಣದಲ್ಲಿ ಶ್ರೋಡರ್ ಜನಿಸಿದರು. ಹದಿಹರೆಯದಲ್ಲಿಯೇ ಕಡಲಿಗಿಳಿದರು. ಕಲ್ಕತ್ತೆಯಲ್ಲಿ ಉದ್ಯೋಗದಲ್ಲಿದ್ದಾಗ ಮೊದಲ ಮಹಾಯುದ್ಧ ಆರಂಭವಾಯಿತು. ಶತ್ರುದೇಶದ ಪ್ರಜೆಯೆಂದು ಬ್ರಿಟಿಷ್ ಆಡಳಿತ ಅವರನ್ನು ಬಂಧನದಲ್ಲಿಟ್ಟಿತು. ಯುದ್ಧಾನಂತರ ಜರ್ಮನಿಗೆ ಮರಳಿದ ಅವರು ಹಾಂಬುರ್ಗಿನ ಹಡಗು ಕಂಪನಿಯೊಂದನ್ನು ಸೇರಿದರು.

1939ರ ಮೇ 13ರಂದು ಅವರ ನೇತೃತ್ವದಲ್ಲಿ 'ಸೇಂಟ್ ಲೂಯಿಸ್' ಹಡಗು 937 ಪ್ರಯಾಣಿಕರೊಂದಿಗೆ ಹಾಂಬುರ್ಗಿನಿಂದ ಕ್ಯೂಬಾದತ್ತ ಹೊರಟಿತು. ಪ್ರಯಾಣಿಕರಲ್ಲಿ ಬಹುತೇಕರು ಯಹೂದಿಗಳು. ಹಿಂದಿನ ನವೆಂಬರಿನಲ್ಲಿ ಜರ್ಮನಿಯಾದ್ಯಂತ ತಮ್ಮ ಪ್ರಾರ್ಥನಾ ಮಂದಿರಗಳು ಬೆಂಕಿಗೆ ಆಹುತಿಯಾದುದನ್ನು ಕಂಡಿದ್ದವರು. ಅವರನ್ನು ಸೌಜನ್ಯದಿಂದ ನಡೆಸಿಕೊಳ್ಳುವಂತೆ ಶ್ರೋಡರ್ ಸಿಬ್ಬಂದಿಗೆ ಆಜ್ಞಾಪಿಸಿದರು. ಪ್ರಾರ್ಥನೆಯ ಹೊತ್ತಿನಲ್ಲಿ ಸಭಾಂಗಣದ ಹಿಟ್ಲರನ ಭಾವಚಿತ್ರವನ್ನು ತೆಗೆಸಲು ಅನುಮತಿಸಿದರು.

ಮೇ 27ರಂದು ಹಡಗು ಹವಾನಾ ತಲುಪಿದಾಗ ಆಘಾತ ಕಾದಿತ್ತು. ಪ್ರಯಾಣಿಕರು ಹಣ ತೆತ್ತು ಪಡೆದಿದ್ದ ಪ್ರವೇಶ ಪತ್ರಗಳನ್ನು ಕ್ಯೂಬಾ ಸರಕಾರ ಹಡಗು ಹೊರಡುವ ಮುನ್ನವೇ ಅಸಿಂಧುಗೊಳಿಸಿತ್ತು. 28 ಮಂದಿಗಷ್ಟೇ ಇಳಿಯಲು ಅವಕಾಶ ದೊರೆಯಿತು. ಒಬ್ಬ ಪ್ರಯಾಣಿಕ ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆ ಸೇರಿದರು. ಜೂನ್ 2ರಂದು ಹಡಗನ್ನು ಬಂದರಿನಿಂದ ಹೊರಗಟ್ಟಲಾಯಿತು.

ಶ್ರೋಡರ್ ಹಡಗನ್ನು ಫ್ಲಾರಿಡಾ ತೀರದ ಸನಿಹಕ್ಕೆ ಒಯ್ದರು. ಪ್ರಯಾಣಿಕರು ಅಧ್ಯಕ್ಷ ರೂಸ್‌ವೆಲ್ಟರಿಗೆ ತಂತಿ ಕಳುಹಿಸಿದರೂ ಉತ್ತರ ಬರಲಿಲ್ಲ. ವಲಸೆಯ ಸರದಿಯಲ್ಲಿ ಕಾಯಬೇಕೆಂಬುದು ಅಮೆರಿಕದ ವಿದೇಶಾಂಗ ಇಲಾಖೆಯ ನಿಲುವಾಗಿತ್ತು. ಕೆನಡಾ ಕೂಡ ಒಪ್ಪಲಿಲ್ಲ. ಪತ್ರ ಸಿಂಧುವೇ, ಸರದಿ ಬಂದಿದೆಯೇ ಎಂಬುದನ್ನು ಪರಿಶೀಲಿಸಿದವರುಂಟು. ಮರಳಿ ಕಳುಹಿಸಿದರೆ ಇವರ ಗತಿಯೇನು ಎಂಬ ಪ್ರಶ್ನೆಯನ್ನು ಯಾವ ಸರಕಾರವೂ ಕೈಗೆತ್ತಿಕೊಳ್ಳಲಿಲ್ಲ.

ಪ್ರಯಾಣಿಕರನ್ನು ಜರ್ಮನಿಗೆ ಒಪ್ಪಿಸಲಾರೆನೆಂದು ಕಪ್ತಾನರು ನಿಶ್ಚಯಿಸಿದ್ದರು. ಬೇರೆ ದಾರಿ ಕಾಣದಿದ್ದಲ್ಲಿ ಇಂಗ್ಲೆಂಡಿನ ಕರಾವಳಿಯಲ್ಲಿ ಹಡಗನ್ನು ನೆಲಕ್ಕೆ ತಾಗಿಸಿ, ಅವರನ್ನು ಇಳಿಸಿಕೊಳ್ಳಲೇಬೇಕಾದ ಸ್ಥಿತಿ ನಿರ್ಮಿಸಲು ಯೋಜಿಸಿದರು. ಅಷ್ಟರಲ್ಲಿ ಯಹೂದಿ ಪರಿಹಾರ ಸಂಸ್ಥೆಗಳ ಸಂಧಾನ ಫಲಿಸಿತು. ಜೂನ್ 17ರಂದು ಹಡಗು ಬೆಲ್ಜಿಯಂನ ಆಂಟ್‌ವರ್ಪ್ ಬಂದರು ಸೇರಿತು. ಬ್ರಿಟನ್ 288, ಫ್ರಾನ್ಸ್ 224, ಬೆಲ್ಜಿಯಂ 214, ನೆದರ್‌ಲೆಂಡ್ಸ್ 181 ಮಂದಿಯನ್ನು ಸ್ವೀಕರಿಸಿದವು.

ಆದರೆ ಆ ನೆಮ್ಮದಿ ಅಲ್ಪಾಯುವಾಗಿತ್ತು. ಮರುವರ್ಷ ಜರ್ಮನ್ ಸೇನೆ ಪಶ್ಚಿಮ ಯೂರೋಪನ್ನು ಆಕ್ರಮಿಸಿತು. ಬ್ರಿಟನ್ ಸೇರಿದವರಲ್ಲಿ ವೈಮಾನಿಕ ದಾಳಿಗೆ ಬಲಿಯಾದ ಒಬ್ಬರ ಹೊರತು ಉಳಿದವರು ಯುದ್ಧವನ್ನು ದಾಟಿ ಬದುಕಿದರು. ಉಳಿದ ಮೂರು ದೇಶಗಳಿಗೆ ಹೋದವರಲ್ಲಿ 254 ಮಂದಿ ನಾಜಿ ಹತ್ಯಾಕಾಂಡದ ದಿನಗಳಲ್ಲಿ ಮಡಿದರು.

ಯುದ್ಧಾನಂತರ ನಾಜಿ ನಂಟಿನ ವಿಚಾರಣೆ ಶ್ರೋಡರ್ ಅವರನ್ನೂ ಬಿಡಲಿಲ್ಲ. ಆಗ ಅವರ ಪರ ಸಾಕ್ಷ್ಯ ನುಡಿದವರು ಅದೇ ಹಡಗಿನಲ್ಲಿದ್ದು ಬದುಕುಳಿದ ಪ್ರಯಾಣಿಕರು. 1949ರಲ್ಲಿ ಆ ಯಾನದ ಕಥನವನ್ನು ಅವರು ಪ್ರಕಟಿಸಿದರು. 1957ರಲ್ಲಿ ಪಶ್ಚಿಮ ಜರ್ಮನಿ ಪದಕವಿತ್ತು ಗೌರವಿಸಿತು. 1959ರ ಜನವರಿ 10ರಂದು ಹಾಂಬುರ್ಗಿನಲ್ಲಿ ಅವರು ನಿಧನರಾದರು.

ಪ್ರಾಣಕ್ಕೆ ಅಥವಾ ಸ್ವಾತಂತ್ರ್ಯಕ್ಕೆ ಅಪಾಯವಿರುವ ನೆಲಕ್ಕೆ ನಿರಾಶ್ರಿತರನ್ನು ಮರಳಿ ದಬ್ಬಬಾರದೆಂಬ ನಿಯಮ 1951ರ ಅಂತಾರಾಷ್ಟ್ರೀಯ ಒಡಂಬಡಿಕೆಯಲ್ಲಿ ಸೇರಿತು. 1993ರಲ್ಲಿ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಶ್ರೋಡರ್ ಅವರಿಗೆ ಮರಣೋತ್ತರ ಗೌರವ ಸಲ್ಲಿಸಿತು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಯಾಚಿಸಿದ್ದು 2018ರ ನವೆಂಬರಿನಲ್ಲಿ. ಕಪ್ತಾನರೊಬ್ಬರು ಕೆಲವೇ ದಿನಗಳಲ್ಲಿ ಅರಿತ ಸತ್ಯವನ್ನು ಒಪ್ಪಿಕೊಳ್ಳಲು ಒಂದು ಸರಕಾರಕ್ಕೆ 79 ವರ್ಷ ಹಿಡಿಯಿತು.