ಕಸ ಗುಡಿಸುತ್ತಾ ಕರಾಟೆ ಕಲಿಸಿದ ಮೇಷ್ಟ್ರು ಗಿಚಿನ್ ಫುನಾಕೋಶಿ

ಈಗ ಸಂಜೆಯಾದರೆ ಬಿಳಿ ಡ್ರೆಸ್ ಹಾಕ್ಕೊಂಡು ಕರಾಟೆ ಕ್ಲಾಸಿಗೆ ಹೋಗೋ ಮಕ್ಕಳು ತಾಲ್ಲೂಕು ಕೇಂದ್ರಗಳಲ್ಲೂ ಕಾಣ್ತಾರೆ. ಬೆಲ್ಟ್ ಯಾವ ಬಣ್ಣ, ಮೆಡಲ್ ಎಷ್ಟು ಅನ್ನೋದೇ ಮನೆಯವರ ಲೆಕ್ಕ. ಆದರೆ ಒಕಿನಾವಾ ದ್ವೀಪದ ಈ ವಿದ್ಯೆಯನ್ನು ಟೋಕಿಯೊಗೆ ತಂದು ಬೆಳೆಸಿದ ಗಿಚಿನ್ ಫುನಾಕೋಶಿ ಅವರ ಲೆಕ್ಕವೇ ಬೇರೆ ಇತ್ತು.

ಅವರು ಹುಟ್ಟಿದ್ದು 1868ರಲ್ಲಿ, ಒಕಿನಾವಾದ ಶೂರಿಯಲ್ಲಿ. ಚಿಕ್ಕಂದಿನಲ್ಲಿ ತುಂಬಾ ಬಡಕಲು. ಸಹಪಾಠಿಯ ತಂದೆ ಅಜಾಟೊ ಅವರೇ ಮೊದಲ ಗುರು. ಆಗ ಕರಾಟೆಯನ್ನು ಗುಟ್ಟಾಗಿ ಕಲಿಸುತ್ತಿದ್ದರು. ಹುಡುಗ ರಾತ್ರಿ ಕತ್ತಲಲ್ಲಿ ನಡೆದು ಹೋಗಿ ಗುರುಗಳ ಮನೆಯಂಗಳದಲ್ಲಿ ಅಭ್ಯಾಸ ಮಾಡುತ್ತಿದ್ದ. ಒಂದೇ ವರಸೆಯನ್ನು ತಿಂಗಳುಗಟ್ಟಲೆ ಮಾಡಿಸುತ್ತಿದ್ದರು. ಗುರು ಒಪ್ಪುವ ತನಕ ಹೊಸದು ಕೇಳೋ ಹಾಗಿಲ್ಲ. ಮುಂದೆ ಇನ್ನೊಬ್ಬ ಗುರು ಇಟೊಸು ಅವರ ಹತ್ತಿರವೂ ಕಲಿತರು. 'ತೆಕ್ಕಿ' ಅನ್ನೋ ಮೂರೇ ಮೂರು ವರಸೆಗೆ ಹಿಡಿದದ್ದು ಹತ್ತು ವರ್ಷ!

ಹೊಟ್ಟೆಪಾಡಿಗೆ ಅವರು ಶಾಲೆ ಮೇಷ್ಟ್ರು. 1922ರಲ್ಲಿ ಕರಾಟೆ ಪ್ರದರ್ಶನಕ್ಕೆ ಅಂತ ಟೋಕಿಯೊಗೆ ಹೋದಾಗ ವಯಸ್ಸು ಐವತ್ತು ದಾಟಿತ್ತು. ಜೂಡೊ ಸ್ಥಾಪಕ ಜಿಗೊರೊ ಕಾನೊ ಅವರೇ ಕರೆದು ತಮ್ಮ ಕೊಡೋಕಾನ್‌ನಲ್ಲಿ ಪ್ರದರ್ಶನ ಮಾಡಿಸಿದರು. ಕಲಿಯುವವರು ಸಿಕ್ಕರು ಅಂತ ಅಲ್ಲೇ ಉಳಿದರು. ಹೆಂಡತಿ ಊರಲ್ಲೇ ಇದ್ದರು.

ಕೈಯಲ್ಲಿ ಕಾಸಿರಲಿಲ್ಲ. ಒಕಿನಾವಾ ವಿದ್ಯಾರ್ಥಿಗಳ ಹಾಸ್ಟೆಲ್‌ನ ಸಣ್ಣ ರೂಮಿನಲ್ಲಿ ವಾಸ. ಹಗಲು ಕಸ ಗುಡಿಸೋದು, ತೋಟ ನೋಡೋದು, ಆಮೇಲೆ ಪಾಠ. ಅಡುಗೆಯವನಿಗೂ ಕರಾಟೆ ಹೇಳಿಕೊಟ್ಟು ಊಟದ ಖರ್ಚು ಕಡಿಮೆ ಮಾಡಿಕೊಂಡರು. ಒಮ್ಮೆ ಹಳೇ ಹ್ಯಾಟು, ಕೈಮಗ್ಗದ ಕಿಮೋನೊ ಗಿರವಿಗೆ ಹೋದವು. ಅಂಗಡಿಯಲ್ಲಿ ನಿರೀಕ್ಷೆಗಿಂತ ಜಾಸ್ತಿ ದುಡ್ಡು ಕೊಟ್ಟರು. ಗುಮಾಸ್ತನ ತಮ್ಮ ಇವರ ಶಿಷ್ಯ ಅನ್ನೋದು ಆಮೇಲೆ ಗೊತ್ತಾಯ್ತು.

ಶಿಷ್ಯರು ಸೇರಿ ಕಟ್ಟಿಸಿದ ಶಾಲೆಗೆ 'ಶೋಟೊಕಾನ್' ಅಂತ ಹೆಸರಿಟ್ಟರು. ಶೋಟೊ ಅನ್ನೋದು ಫುನಾಕೋಶಿ ಅವರ ಕಾವ್ಯನಾಮ. ಆದರೆ ತಮ್ಮದೊಂದು ಪ್ರತ್ಯೇಕ ಶೈಲಿ ಅಂತ ಅವರು ಹೇಳಿಕೊಳ್ಳಲಿಲ್ಲ, ಕರಾಟೆ ಎಲ್ಲಾ ಒಂದೇ ಅಂತಿದ್ದರು. 1945ರಲ್ಲಿ ಬಾಂಬಿಗೆ ಆ ಶಾಲೆ ಸುಟ್ಟುಹೋಯಿತು. ಅದೇ ವರ್ಷ ಮಗ ಯೋಶಿತಾಕ ತೀರಿಕೊಂಡರು. 1947ರಲ್ಲಿ ಹೆಂಡತಿಯೂ ಹೋದರು.

ಯುದ್ಧದ ನಂತರದ ಹಸಿವಿನ ದಿನಗಳು. ಒಂದು ರಾತ್ರಿ ಎಂಬತ್ತರ ಹತ್ತಿರದ ಈ ಮುದುಕರ ಮೇಲೆ ಕಳ್ಳನೊಬ್ಬ ಬಿದ್ದ. ಅವರು ತಟ್ಟನೆ ಬಗ್ಗಿ ಅವನನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿದರು. ಬೇರೆಯವರಾಗಿದ್ದರೆ ಊರೆಲ್ಲಾ ಹೇಳಿಕೊಂಡು ಮೆರೆಯುತ್ತಿದ್ದರು. ಇವರು ಮಾತ್ರ ನೊಂದುಕೊಂಡರು. ಅವನು ಯುದ್ಧದಿಂದ ಬಂದು ಕೆಲಸ ಸಿಗದ ಸೈನಿಕನಿರಬೇಕು ಅನ್ನಿಸಿತ್ತು. ಶಿಷ್ಯರಿಗೆ ಮಾಡಬೇಡಿ ಅಂದದ್ದನ್ನು ತಾನೇ ಮಾಡಿದೆನಲ್ಲಾ ಅನ್ನೋ ಕೊರಗು ಬೇರೆ.

ಫುನಾಕೋಶಿ ಅವರು ಶಿಷ್ಯರಿಗಾಗಿ ಇಪ್ಪತ್ತು ನಿಯಮ ಬರೆದಿಟ್ಟಿದ್ದರು. ಅದರಲ್ಲಿ ಮೊದಲನೆಯದೇ ಗೌರವ ಕೊಡುವುದು. ತಾನಾಗಿ ಕೈ ಎತ್ತಬಾರದು ಅನ್ನೋದು ಎರಡನೆಯದು. 1957ರ ಏಪ್ರಿಲ್ 26ರಂದು, 88ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕ್ಲಾಸಿನಲ್ಲಿ ಮಕ್ಕಳು ತಲೆಬಾಗಿ ನಮಸ್ಕಾರ ಮಾಡೋದನ್ನು ನೋಡಿದಾಗ, ಅದು ಪಾಠಕ್ಕೆ ಮುಂಚಿನ ಶಾಸ್ತ್ರ ಅಂದ್ಕೋಬೇಡಿ. ಈ ಮೇಷ್ಟ್ರ ಪ್ರಕಾರ ಮೊದಲ ಪಾಠವೇ ಅದು.