ಮೌಂಟ್‌ಬ್ಯಾಟನ್ ಮತ್ತು ಅವರ ಕೆಲ್ಲಿ ಹಡಗು

ಲಾರ್ಡ್ ಮೌಂಟ್‌ಬ್ಯಾಟನ್ ಎಂದರೆ ನಮಗೆ ನೆನಪಾಗುವುದು 1947. ಭಾರತದ ಕೊನೆಯ ವೈಸರಾಯ್, ಸ್ವತಂತ್ರ ಭಾರತದ ಮೊದಲ ಗವರ್ನರ್ ಜನರಲ್ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ. ಆದರೆ ದೆಹಲಿಗೆ ಬರುವ ಆರು ವರ್ಷ ಮೊದಲು ಅವರು ಯುದ್ಧನೌಕೆಯೊಂದರ ಕಪ್ತಾನರಾಗಿದ್ದರು. ಆ ಕಥೆ ಪಠ್ಯದಲ್ಲಿಲ್ಲ.

ಅವರು ಜನಿಸಿದ್ದು 1900ರ ಜೂನ್ 25ರಂದು, ಇಂಗ್ಲೆಂಡಿನ ವಿಂಡ್ಸರ್‌ನಲ್ಲಿ. ರಾಜಮನೆತನದ ಬಂಧುಗಳು. ತಂದೆ ಬ್ರಿಟಿಷ್ ನೌಕಾಪಡೆಯ ಮುಖ್ಯಸ್ಥರಾಗಿದ್ದರು. 1914ರಲ್ಲಿ ಜರ್ಮನಿಯೊಡನೆ ಯುದ್ಧ ಆರಂಭವಾದಾಗ, ಜರ್ಮನ್ ಮೂಲದವರೆಂಬ ಅಪವಾದಕ್ಕೆ ಗುರಿಯಾಗಿ ಆ ಹುದ್ದೆಯನ್ನು ಬಿಡಬೇಕಾಯಿತು. ಮಗ ಆಗ ನೌಕಾ ಶಾಲೆಯ ವಿದ್ಯಾರ್ಥಿ.

1939ರ ಆಗಸ್ಟ್‌ನಲ್ಲಿ ಕೆಲ್ಲಿ ಎಂಬ ಹೊಸ ವಿಧ್ವಂಸಕ ನೌಕೆ ಅವರ ಕೈಗೆ ಬಂತು. ಕೆಲವೇ ದಿನಗಳಲ್ಲಿ ಎರಡನೆಯ ಮಹಾಯುದ್ಧ ಶುರುವಾಯಿತು. ಡಿಸೆಂಬರ್‌ನಲ್ಲಿ ಹಡಗು ಸಿಡಿಗುಂಡಿಗೆ ತಗುಲಿ ಜಖಂಗೊಂಡಿತು. ಮರುವರ್ಷದ ಮಾರ್ಚ್‌ನಲ್ಲಿ ಹಿಮ ಸುರಿಯುತ್ತಿದ್ದಾಗ ತಮ್ಮದೇ ಪಡೆಯ ಇನ್ನೊಂದು ಹಡಗಿಗೆ ಡಿಕ್ಕಿಯಾಯಿತು. ಕಪ್ತಾನರಿಗೆ ಧೈರ್ಯ ಹೆಚ್ಚು, ಆತುರವೂ ಹೆಚ್ಚು ಎಂದು ಟೀಕಿಸಿದವರುಂಟು. ಆ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ.

1940ರ ಮೇ 9ರ ರಾತ್ರಿ ಉತ್ತರ ಸಮುದ್ರದಲ್ಲಿ ಜರ್ಮನ್ ದೋಣಿಯೊಂದು ಬಿಟ್ಟ ಟಾರ್ಪಿಡೊ ಕೆಲ್ಲಿಯ ಬಾಯ್ಲರ್ ಕೊಠಡಿಯನ್ನು ಸೀಳಿತು. 27 ಮಂದಿ ಸತ್ತರು. ಹಡಗು ಒಂದು ಬದಿಗೆ ವಾಲಿ, ಅಂಚು ನೀರಿಗೆ ತಾಗುವಂತಾಯಿತು. ಅದನ್ನು ಅಲ್ಲೇ ಮುಳುಗಿಸಿಬಿಡಬಹುದಿತ್ತು. ಮೌಂಟ್‌ಬ್ಯಾಟನ್ ಒಪ್ಪಲಿಲ್ಲ. ಭಾರ ಇಳಿಸಲು ಸಿಡಿಮದ್ದು, ದೋಣಿ ಮೊದಲಾದುವನ್ನು ನೀರಿಗೆ ಎಸೆದರು. ಹಗ್ಗ ಕಟ್ಟಿಸಿ ಎಳೆಸಿಕೊಂಡು, ವಿಮಾನ ದಾಳಿಗಳ ನಡುವೆ, ನಾಲ್ಕು ದಿನಗಳ ಬಳಿಕ ಟೈನ್ ನದಿಯ ಬಂದರು ಮುಟ್ಟಿದರು.

ಆ ರಾತ್ರಿ ಒಬ್ಬ ನಾವಿಕ ಮಾತ್ರ ಭಯಪಟ್ಟು ತನ್ನ ಜಾಗ ಬಿಟ್ಟಿದ್ದ. ಯುದ್ಧಕಾಲದಲ್ಲಿ ಅದು ಘೋರ ಅಪರಾಧ. ದಡ ಸೇರಿದ ಮೇಲೆ ಮೌಂಟ್‌ಬ್ಯಾಟನ್ ಅವನ ಹೆಸರು ಹೇಳದೆ ವಿಷಯವನ್ನು ಎಲ್ಲರ ಮುಂದಿಟ್ಟರು. ಅವನಿಗೆ ಎಚ್ಚರಿಕೆ ಕೊಟ್ಟು ಬಿಟ್ಟಿದ್ದೇನೆ, ತನ್ನ ಕರ್ತವ್ಯವೇನೆಂದು ಅವನ ಮನಸ್ಸಿಗೆ ನಾಟಿಸದಿದ್ದ ತಪ್ಪಿಗೆ ನನಗೂ ಒಂದು ಎಚ್ಚರಿಕೆ ಕೊಟ್ಟುಕೊಂಡಿದ್ದೇನೆ ಎಂಬುದು ಅವರ ಮಾತಿನ ಸಾರ.

ದುರಸ್ತಿಯಾದ ಕೆಲ್ಲಿ ಮತ್ತೆ ಕಡಲಿಗಿಳಿಯಿತು. 1941ರ ಮೇ 23ರ ಬೆಳಿಗ್ಗೆ ಕ್ರೀಟ್ ದ್ವೀಪದ ದಕ್ಷಿಣಕ್ಕೆ 24 ಜರ್ಮನ್ ಬಾಂಬರ್‌ಗಳು ಎರಗಿದವು. ಜೊತೆಯಲ್ಲಿದ್ದ ಕಾಶ್ಮೀರ್ ಎಂಬ ಹಡಗು ಎರಡೇ ನಿಮಿಷದಲ್ಲಿ ಮುಳುಗಿತು. ವೇಗವಾಗಿ ತಿರುಗುತ್ತಿದ್ದ ಕೆಲ್ಲಿ ಬಾಂಬ್ ಬಿದ್ದು ಮಗುಚಿಕೊಂಡಿತು. ಮೌಂಟ್‌ಬ್ಯಾಟನ್ ನೀರಿನಡಿಯಿಂದ ಹೇಗೋ ಮೇಲೆ ಬಂದು, ಎಣ್ಣೆ ಹರಡಿದ ಕಡಲಲ್ಲಿ ಗಾಯಾಳುಗಳಿಗೆ ಆಸರೆಯಾದರು. ಕಿಪ್ಲಿಂಗ್ ಹಡಗು ಗಂಟೆಗಟ್ಟಲೆ ಬಾಂಬುಗಳಿಂದ ತಪ್ಪಿಸಿಕೊಳ್ಳುತ್ತಲೇ ಎರಡೂ ಹಡಗುಗಳ 279 ಜನರನ್ನು ಎತ್ತಿಕೊಂಡಿತು. ಕೆಲ್ಲಿಯ ಅರ್ಧಕ್ಕೂ ಹೆಚ್ಚು ಸಿಬ್ಬಂದಿ ಮರಳಲಿಲ್ಲ.

ಮುಂದೆ ಅವರು ಆಗ್ನೇಯ ಏಷ್ಯಾದ ಮಹಾದಂಡನಾಯಕರಾದರು, ವೈಸರಾಯ್ ಆದರು. 1955ರಲ್ಲಿ, ತಂದೆ ಕಳೆದುಕೊಂಡಿದ್ದ ಅದೇ ಹುದ್ದೆಗೇರಿದರು. 1979ರ ಆಗಸ್ಟ್ 27ರಂದು ಐರ್ಲೆಂಡಿನಲ್ಲಿ ಅವರ ದೋಣಿಯಲ್ಲಿ ಬಾಂಬ್ ಸಿಡಿಸಿ ಅವರನ್ನು ಕೊಲ್ಲಲಾಯಿತು.

ದೇಶ ವಿಭಜನೆಯಲ್ಲಿ ಅವರು ತೋರಿದ ಅವಸರದ ಬಗ್ಗೆ ವಾದ ಇಂದಿಗೂ ಮುಗಿದಿಲ್ಲ; ಆ ಆತುರದ ಗುಣ ಕೆಲ್ಲಿಯಲ್ಲೇ ಕಂಡಿತ್ತು. ಆದರೆ ಕೈಕೆಳಗಿನವನ ತಪ್ಪಿನಲ್ಲಿ ತನ್ನ ಪಾಲನ್ನು ಒಪ್ಪಿಕೊಂಡ ಗುಣವೂ ಅಲ್ಲಿಯದೇ. ತರಗತಿಯ ಮುಂದೆ ನಿಲ್ಲುವ ನಮ್ಮಂಥವರು ನೆನಪಿಡಬೇಕಾದದ್ದು ಅದನ್ನು.